ಮನೆವಾರ್ತೆ: ಬಾಗಿಲು ತೆರೆದೊಡನೆ ಒಳನುಗ್ಗುವವರು

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಗಾಡಿ ಹಿಡಿದು ಕೆಲಸಕ್ಕೆ ಹೋಗುವ ನಮ್ಮ ಬಂಧುಗಳಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಗಾಡಿ ಪ್ಲಾಟ್‌ಫಾರಮ್ಮಿಗೆ ಬಂದು ನಿಲ್ಲುವ ಮೊದಲೇ ಹತ್ತಿಪ್ಪತ್ತು ಮಂದಿ ಒಳಗೆ ಹಾರಿ ಕುಳಿತಿರುತ್ತಾರೆ. ಒಬ್ಬನು ತಾನು ಹಿಡಿದ ಜಾಗ ಸಾಲದೆಂದು ಇನ್ನೂ ಮೂವರು ಗೆಳೆಯರಿಗಾಗಿ ಕೈವಸ್ತ್ರ ಹಾಸಿರುತ್ತಾನೆ. ನಿಜವಾಗಿ ದೂರ ಹೋಗಬೇಕಾದ ಮುದುಕರು ಬಾಗಿಲ ಬಳಿ ಕಂಬ ಹಿಡಿದು ನಿಲ್ಲುತ್ತಾರೆ. ಎಂಜಿನಿನಲ್ಲಿ ದೋಷವಿಲ್ಲ, ಹಳಿಯಲ್ಲಿ ದೋಷವಿಲ್ಲ. ಆದರೂ ಪ್ರಯಾಣ ಸುಖಕರವಲ್ಲ.

ನಮ್ಮ ಮನೆಗಳ ಕಂಪ್ಯೂಟರುಗಳ ಬೆಳಗಿನ ಸ್ಥಿತಿಯೂ ಬಹುಮಟ್ಟಿಗೆ ಇದೇ. ಗುಂಡಿ ಒತ್ತಿದೊಡನೆ, ನಾವು ಯಾವ ಕೆಲಸಕ್ಕೆಂದು ಅದನ್ನು ತೆರೆದೆವೋ ಆ ಕೆಲಸಕ್ಕೆ ಮೊದಲು, ಕರೆಯದಿದ್ದ ಹತ್ತೆಂಟು ಪ್ರೋಗ್ರಾಮುಗಳು ತಾವಾಗಿ ಎದ್ದು ಜಾಗ ಹಿಡಿಯುತ್ತವೆ. ಈ ಸಲ ಅವುಗಳ ವಿಚಾರವನ್ನೇ ಬರೆಯಬೇಕೆಂದು ನಿಶ್ಚಯಿಸಲು ಕಾರಣರಾದವರು ನಮ್ಮ ಎದುರು ಕಟ್ಟಡದಲ್ಲಿರುವ ಒಬ್ಬ ಹಿರಿಯ ಹೆಣ್ಣುಮಗಳು. ಧಾರವಾಡದ ಕಡೆಯವರು. ಇಲ್ಲಿಗೆ ಬಂದು ನಲವತ್ತು ವರ್ಷ ಮೀರಿದ್ದರೂ ಅವರ ಮಾತಿನಲ್ಲಿ ಧಾರವಾಡದ ಒಂದಕ್ಷರವೂ ಸವೆದಿಲ್ಲ. ಸಂಘದ ಮಕ್ಕಳು ಮರಿಗಳಿಗೆಲ್ಲ ಅವರು 'ಕಾಕೂ'. ನನಗೂ ಅಷ್ಟೆ.

ಒಂದು ಸಂಜೆ ಅವರು ಫೋನು ಮಾಡಿದರು.

"ತಮ್ಮಾ, ನಾಳೆ ಆ ರಿಪೇರಿ ಹುಡುಗ ಬರಾಂವ ಇದ್ದಾನ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ ಅಂದಾನ. ಅದಕ್ಕ ಮೊದಲ ನೀ ಒಮ್ಮೆ ಬಂದು ನೋಡ್ತೀಯೇನಪಾ? ಇದರಾಗ ಅವರು ಬರದದ್ದು ಅದ."

'ಅವರು' ಎಂದರೆ ಕಾಕೂ ಅವರ ಯಜಮಾನರು. ರೈಲ್ವೆಯಿಂದ ನಿವೃತ್ತರಾದ ಮೇಲೆ, ತಾವು ತರುಣರಾಗಿ ಮುಂಬಯಿಗೆ ಬಂದದ್ದು, ಚಾಳಿನ ಒಂದೇ ಖೋಲಿಯಲ್ಲಿ ಆರು ಮಂದಿ ಇದ್ದದ್ದು, ಖಾನಾವಳಿಯ ಊಟ, ಊರಿನಿಂದ ಬಂದ ಕಾಗದಗಳು ಮೊದಲಾದವನ್ನೆಲ್ಲ ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಬೆರಳಚ್ಚಿಸಿ ಇಟ್ಟಿದ್ದರು. ನೂರ ನಲವತ್ತು ಪುಟಗಳಷ್ಟಾಗಿತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತು. ಆ ಪುಟಗಳು ಆ ಒಂದು ಯಂತ್ರದ ಹೊರತು ಮತ್ತೆಲ್ಲಿಯೂ ಇರಲಿಲ್ಲ. ದಿನವೂ ಪೂಜೆ ಮುಗಿದ ಮೇಲೆ ಒಂದು ಪುಟ ಓದುವುದು ಕಾಕೂ ಅವರ ನಿಯಮ.

"ಓದೂದು ಹತ್ತು ನಿಮಿಷ, ಇದು ಏಳೂದು ಹತ್ತು ನಿಮಿಷ. ಚಹಾ ಆರಿ ನೀರಾಗ್ತದ" ಎಂದರು ಕಾಕೂ.

ರಿಪೇರಿಯ ಹುಡುಗನನ್ನು ನಾನು ನಿಂದಿಸುವುದಿಲ್ಲ. ಕಂಪ್ಯೂಟರನ್ನು ಪೂರ್ತಿ ಅಳಿಸಿ ಮತ್ತೆ ತುಂಬುವುದು ಅವನಿಗೆ ಒಂದು ಮಧ್ಯಾಹ್ನದ ಕೆಲಸ. ಅದರಿಂದ ವೇಗವೂ ಬರುತ್ತದೆ. ಆದರೆ ಮನೆಯಲ್ಲಿ ಇಲಿಗಳಾದವೆಂದು ಮನೆಯನ್ನೇ ಕೆಡವಿಸುವುದಕ್ಕೆ ಮೊದಲು ಬಿಲವೆಲ್ಲಿದೆಯೆಂದು ಹುಡುಕಿ ನೋಡುವುದು ಗೃಹಸ್ಥನ ಧರ್ಮವಲ್ಲವೆ?

ಮೊದಲು ಪ್ರತಿ, ಆಮೇಲೆ ಚಿಕಿತ್ಸೆ

ಯಂತ್ರದ ಮೇಲೆ ಕೈಯಿಡುವ ಮೊದಲು ಮಾಡಬೇಕಾದ ಕೆಲಸವೊಂದೇ. ಕಳೆದುಹೋದರೆ ಮತ್ತೆ ಸಿಕ್ಕದಂಥ ಕಾಗದಪತ್ರ, ಭಾವಚಿತ್ರಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಆ ನಕಲು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೆ ಎಂದು ಪರೀಕ್ಷಿಸಬೇಕು.

ಕನ್ನಡಿಗರಿಗೆ ಈ ಎರಡನೆಯ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮಲ್ಲಿ ರೂಢಿಯಲ್ಲಿದ್ದ ಅಕ್ಷರವಿನ್ಯಾಸಗಳಲ್ಲಿ ಬರೆದ ಬರಹವು, ಅದೇ ವಿನ್ಯಾಸದ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಬರಹ ಉಳಿದಿದ್ದರೂ ಓದಲಾಗದು. ಆದಕಾರಣ ಕಾಕೂ ಅವರ ಕಡತವನ್ನು ಮೂಲರೂಪದಲ್ಲಿ ಒಂದು, ಅಕ್ಷರವಿನ್ಯಾಸವನ್ನು ತನ್ನೊಳಗೇ ಹೊತ್ತಿರುವ ಪಿಡಿಎಫ್ ರೂಪದಲ್ಲಿ ಒಂದು, ಹೀಗೆ ಎರಡು ಬಗೆಯಾಗಿ ತೆಗೆದೆವು. ಒಂದು ಪ್ರತಿ ಕಪಾಟಿನಲ್ಲಿ ಬೆಳ್ಳಿಯ ಪಂಚಪಾತ್ರೆಯ ಪಕ್ಕಕ್ಕೆ ಹೋಯಿತು. ಇನ್ನೊಂದು ಪುಣೆಯಲ್ಲಿರುವ ಮಗನ ಕಡೆಗೆ ಇ-ಮೇಲಿನಲ್ಲಿ ಹೋಯಿತು. ಅದು ತಲುಪಿತೆಂದು ಮಗ ಹೇಳಿದ ಮೇಲೆಯೇ ಕಾಕೂ ಕುರ್ಚಿಯಲ್ಲಿ ಕುಳಿತದ್ದು.

ಗಡಿಯಾರ ಹಿಡಿದು ನೋಡಿ

"ಕಂಪ್ಯೂಟರು ನಿಧಾನ" ಎಂಬುದು "ಮೈಯಲ್ಲಿ ಹುಷಾರಿಲ್ಲ" ಎಂದಂತೆ. ವೈದ್ಯನು ಎಲ್ಲಿ, ಯಾವಾಗ ಎಂದು ಕೇಳಿಯೇ ಕೇಳುತ್ತಾನೆ. ಇಲ್ಲಿಯೂ ಕೇಳಬೇಕು. ಗುಂಡಿ ಒತ್ತಿದಾಗಿನಿಂದ ಗುಪ್ತಪದ ಕೇಳುವ ತೆರೆ ಬರುವವರೆಗೆ ಎಷ್ಟು ಹೊತ್ತು? ಗುಪ್ತಪದ ಕೊಟ್ಟಮೇಲೆ ನಮ್ಮ ಕೆಲಸದ ಕಡತ ತೆರೆಯುವವರೆಗೆ ಎಷ್ಟು ಹೊತ್ತು?

ಮೊದಲ ಭಾಗವೇ ದೀರ್ಘವಾಗಿದ್ದರೆ ದೋಷ ಡಿಸ್ಕಿನಲ್ಲಿಯೋ, ಯಂತ್ರದ ಮೂಲ ವ್ಯವಸ್ಥೆಯಲ್ಲಿಯೋ, ವಿಂಡೋಸಿನ ಒಳಸೇವೆಗಳಲ್ಲಿಯೋ ಇರಬಹುದು. ನಾನು ಮುಂದೆ ಹೇಳುವ ಪಟ್ಟಿಯನ್ನು ತಿದ್ದಿ ಹೆಚ್ಚು ಫಲವಿಲ್ಲ. ಎರಡನೆಯ ಭಾಗ ದೀರ್ಘವಾಗಿದ್ದರೆ ಮೊದಲು ಸಂಶಯ ಪಡಬೇಕಾದದ್ದು ತಾವಾಗಿ ಏಳುವ ಪ್ರೋಗ್ರಾಮುಗಳನ್ನೇ. ಕಾಕೂ ಅವರ ಅಡಿಗೆಮನೆಯ ಗಡಿಯಾರವನ್ನು ತಂದಿಟ್ಟುಕೊಂಡು ನೋಡಿದೆವು. ಮೊದಲ ಭಾಗಕ್ಕೆ 50 ಸೆಕೆಂಡು. ಎರಡನೆಯದಕ್ಕೆ ಒಂಬತ್ತು ನಿಮಿಷ. ಬಿಲವಿದ್ದ ಗೋಡೆ ಅಷ್ಟರಲ್ಲೇ ಗೊತ್ತಾಯಿತು.

ಇಲ್ಲಿ ಒಂದು ಎಚ್ಚರಿಕೆ. ವಿಂಡೋಸ್ 8 ಬಂದ 2012ರಿಂದ ಈಚೆಗೆ, ಬಹುಪಾಲು ಯಂತ್ರಗಳಲ್ಲಿ 'ಶಟ್ ಡೌನ್' ಎಂಬುದು ಸಂಪೂರ್ಣ ನಿದ್ರೆಯಲ್ಲ. ಮರುದಿನ ಬೇಗ ಏಳಬೇಕೆಂದು ವಿಂಡೋಸು ತನ್ನ ಒಳತಿರುಳಿನ ಸ್ಥಿತಿಯನ್ನು ಡಿಸ್ಕಿನ ಮೇಲೆ ಬರೆದಿಟ್ಟು ಮಲಗುತ್ತದೆ. ಇದನ್ನು 'ಫಾಸ್ಟ್ ಸ್ಟಾರ್ಟ್‌ಅಪ್' ಎನ್ನುತ್ತಾರೆ. ಆದ್ದರಿಂದ ನಿನ್ನೆಯ ಗೊಂದಲವೇ ಇಂದೂ ಮುಂದುವರಿಯಬಹುದು. ಎಲ್ಲವನ್ನೂ ಹೊಸದಾಗಿ ಆರಂಭಿಸುವುದು 'ರೀಸ್ಟಾರ್ಟ್' ಎಂಬ ಆಜ್ಞೆ. ಪರೀಕ್ಷೆ ಮಾಡುವಾಗಲೆಲ್ಲ ಅದನ್ನೇ ಬಳಸಬೇಕು.

ಇವು ಎಲ್ಲಿಂದ ಬರುತ್ತವೆ?

ಬಾಗಿಲು ತೆರೆದೊಡನೆ ಕೆಲಸ ಆರಂಭವಾಗಲೆಂಬ ಆಸೆ ಹೊಸದಲ್ಲ. ಡಾಸ್ ಕಾಲದಲ್ಲಿ 'ಆಟೋಎಕ್ಸೆಕ್' ಎಂಬ ಒಂದು ಚಿಕ್ಕ ಕಡತವಿರುತ್ತಿತ್ತು. ಯಂತ್ರ ಎದ್ದಕೂಡಲೇ ಏನೇನು ಮಾಡಬೇಕೆಂಬುದನ್ನು ಯಜಮಾನನೇ ಅದರಲ್ಲಿ ಸಾಲುಸಾಲಾಗಿ ಬರೆದಿಡುತ್ತಿದ್ದ. 1995ರ ವಿಂಡೋಸಿನಲ್ಲಿ 'ಸ್ಟಾರ್ಟ್‌ಅಪ್' ಎಂಬ ಫೋಲ್ಡರು ಎಲ್ಲರ ಕಣ್ಣಿಗೆ ಬೀಳುವಂತಿತ್ತು. ಅದರಲ್ಲಿ ಇಟ್ಟದ್ದು ತಾನಾಗಿ ತೆರೆಯುತ್ತಿತ್ತು. ಆ ಫೋಲ್ಡರು ಈಗಲೂ ಇದೆ.

ಆದರೆ ಈಗ ದಾರಿಗಳು ಹೆಚ್ಚಿವೆ. 'ರಿಜಿಸ್ಟ್ರಿ' ಎಂಬ ವಿಂಡೋಸಿನ ದೊಡ್ಡ ಖಾತೆಪುಸ್ತಕದಲ್ಲಿ 'ರನ್' ಎಂಬ ಶೀರ್ಷಿಕೆಯ ಕೆಳಗೆ ಹೆಸರು ಬರೆಸಿಕೊಳ್ಳುವುದು ಒಂದು ದಾರಿ. 'ಟಾಸ್ಕ್ ಶೆಡ್ಯೂಲರ್' ಎಂಬ ಕಾಲಪತ್ರಕದಲ್ಲಿ ಸೇರಿಕೊಳ್ಳುವುದು ಇನ್ನೊಂದು. 'ಸರ್ವಿಸ್' ಎಂಬ ಹೆಸರಿನಿಂದ ತೆರೆಯ ಹಿಂದೆ ದುಡಿಯುವುದು ಮತ್ತೊಂದು. ಹೊಸ ಪ್ರೋಗ್ರಾಮನ್ನು ಸ್ಥಾಪಿಸುವಾಗ ನಾವು 'ನೆಕ್ಸ್ಟ್, ನೆಕ್ಸ್ಟ್' ಎಂದು ಓದದೆ ಒತ್ತುತ್ತ ಹೋಗುತ್ತೇವಲ್ಲ, ಅಲ್ಲಿಯೇ ನಮ್ಮ ಒಪ್ಪಿಗೆ ಪಡೆದುಕೊಂಡಂತಾಗಿರುತ್ತದೆ. ಕರೆಯದೆ ಬಂದರೆಂದು ದೂರುತ್ತೇವೆ. ಬಾಗಿಲಿನ ಅಗುಳಿ ತೆಗೆದವರು ನಾವೇ.

ಪಟ್ಟಿಯನ್ನು ನೋಡುವ ಬಗೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ವಿಂಡೋಸ್ 10ರಲ್ಲಿ ಅದು ಚಿಕ್ಕದಾಗಿ ತೆರೆದರೆ ಕೆಳಗಿನ 'ಮೋರ್ ಡೀಟೇಲ್ಸ್' ಎಂಬುದನ್ನು ಒತ್ತಬೇಕು. ಆಗ 'ಸ್ಟಾರ್ಟ್‌ಅಪ್' ಎಂಬ ವಿಭಾಗ ಕಾಣುತ್ತದೆ. ವಿಂಡೋಸ್ 11ರಲ್ಲಿ ಅದರ ಹೆಸರು 'ಸ್ಟಾರ್ಟ್‌ಅಪ್ ಆ್ಯಪ್ಸ್'. ಅಲ್ಲಿ ಪ್ರೋಗ್ರಾಮಿನ ಹೆಸರು, ತಯಾರಿಸಿದವರ ಹೆಸರು, ಚಾಲೂ ಇದೆಯೆ ಇಲ್ಲವೆ ಎಂಬುದು, ಮತ್ತು 'ಸ್ಟಾರ್ಟ್‌ಅಪ್ ಇಂಪ್ಯಾಕ್ಟ್', ಅಂದರೆ ಆರಂಭದ ಮೇಲೆ ಅದು ಹಾಕುವ ಹೊರೆ, ಇಷ್ಟು ಅಂಕಣಗಳಿರುತ್ತವೆ.

ಹೊರೆಯ ಲೆಕ್ಕ ಹೀಗಿದೆ. ಆರಂಭದಲ್ಲಿ ಪ್ರೊಸೆಸರಿನ ಸಮಯವನ್ನು 1 ಸೆಕೆಂಡಿಗಿಂತ ಹೆಚ್ಚಾಗಿಯೋ, ಡಿಸ್ಕಿನ ಓದುಬರಹವನ್ನು 3 ಎಂಬಿಗಿಂತ ಹೆಚ್ಚಾಗಿಯೋ ಬಳಸಿದ ಪ್ರೋಗ್ರಾಮಿಗೆ 'ಹೈ' ಎಂಬ ಪಟ್ಟ. 300 ಮಿಲಿಸೆಕೆಂಡಿಗೂ 300 ಕೆಬಿಗೂ ಕಡಮೆ ಬಳಸಿದ್ದಕ್ಕೆ 'ಲೋ'. ನಡುವಿನದು 'ಮೀಡಿಯಮ್'. ಮೂರು ಎಂಬಿ ಎಂಬುದು ಈ ಕಾಲದಲ್ಲಿ ಒಂದು ಭಾವಚಿತ್ರದಷ್ಟು. ಆದ್ದರಿಂದ 'ಹೈ' ಎಂದು ಕಂಡೊಡನೆ ಗಾಬರಿಯಾಗಬೇಕಾದುದಿಲ್ಲ. 'ಲೋ' ಎಂದಿದ್ದರೂ ನಂಬಿ ಸುಮ್ಮನಿರಬೇಕಾದುದಿಲ್ಲ. ಏಕೆಂದರೆ ಎದ್ದಮೇಲೆ ಯಾವುದನ್ನೋ ಕಾಯುತ್ತ ಕುಳಿತ ಪ್ರೋಗ್ರಾಮಿನ ಹಾವಳಿ ಈ ಲೆಕ್ಕದಲ್ಲಿ ಬಾರದಿರಬಹುದು.

ಒಂದು ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿಸೇಬಲ್' ಎಂದರೆ ಅದು ನಾಳೆಯಿಂದ ತಾನಾಗಿ ಏಳುವುದಿಲ್ಲ. ಪ್ರೋಗ್ರಾಮು ಅಳಿಯುವುದಿಲ್ಲ, ನಾವು ಕರೆದಾಗ ಬರುತ್ತದೆ. ಬೇಕೆನಿಸಿದರೆ 'ಎನೇಬಲ್' ಎಂದು ಮತ್ತೆ ಮೊದಲಿನಂತೆ ಮಾಡಬಹುದು.

ನಾನು ಮಾಡಿದ ತಪ್ಪು

ಕಾಕೂ ಅವರ ಪಟ್ಟಿಯಲ್ಲಿ ಹದಿನಾರು ಹೆಸರುಗಳಿದ್ದವು. ವಿಂಡೋಸಿನ ರಕ್ಷಣಾ ವ್ಯವಸ್ಥೆಗೆ ಸೇರಿದ್ದು ಬೇರೆಯಾಗಿ ಒಂದಿತ್ತು, ಅದನ್ನು ಮುಟ್ಟಲಿಲ್ಲ. ಉಳಿದ ಹದಿನಾರನ್ನೂ ಒಂದೇ ಉಸಿರಿನಲ್ಲಿ 'ಡಿಸೇಬಲ್' ಮಾಡಿ ರೀಸ್ಟಾರ್ಟ್ ಕೊಟ್ಟೆ. ಒಂಬತ್ತು ನಿಮಿಷವಿದ್ದದ್ದು ಎರಡು ನಿಮಿಷಕ್ಕೆ ಇಳಿಯಿತು. ಕಾಕೂ ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು. ನಾನು ವಿಜಯಿಯಂತೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಫೋನು.

"ತಮ್ಮಾ, ಏನ ಮಾಡಿ ಹೋದ್ಯೋ? ಓದಲಿಕ್ಕೆ ಬರ್ತದ, ಬರೀಲಿಕ್ಕೆ ಹೋದರ ಎಲ್ಲಾ ಇಂಗ್ಲೀಷ ಬರಾಕ್ಹತ್ಯದ!"

ಹದಿನಾರರಲ್ಲಿ ಕನ್ನಡ ಬೆರಳಚ್ಚಿನ ಪ್ರೋಗ್ರಾಮೂ ಒಂದಾಗಿತ್ತು. ಅದು ಬೆಳಿಗ್ಗೆ ಮೌನವಾಗಿ ಎದ್ದು, ಗಡಿಯಾರದ ಪಕ್ಕದ ಮೂಲೆಯಲ್ಲಿ ಕುಳಿತು, ಕೀಲಿಗಳಿಂದ ಬಂದ ಇಂಗ್ಲಿಷನ್ನು ಕನ್ನಡವಾಗಿ ಮಾಡಿಕೊಡುತ್ತಿತ್ತು. ಅದರ ಹೆಸರನ್ನು ಓದಿಯೂ ನಾನು ನಿಂತು ಯೋಚಿಸಲಿಲ್ಲ. ಗದ್ದಲ ಮಾಡುವವರನ್ನು ಹೊರಹಾಕುವ ಭರದಲ್ಲಿ ಮನೆಯ ಅಡಿಗೆಯವನನ್ನೂ ಹೊರಹಾಕಿದ್ದೆ.

ಓಡಿಹೋಗಿ ಅದನ್ನು 'ಎನೇಬಲ್' ಮಾಡಿದೆ. ಆಗ ನನಗೆ ಮತ್ತೊಂದು ಸಂಗತಿ ತಿಳಿಯಿತು.

"ಕಾಕೂ, ನೀವು ಓದುವುದು ಮಾತ್ರ ಎಂದುಕೊಂಡಿದ್ದೆ. ಏನು ಬರೆಯುತ್ತೀರಿ?"

ಅವರು ಸ್ವಲ್ಪ ಸಂಕೋಚದಿಂದ, "ಅವರು ಬರದದ್ದರ ಕೆಳಗ ನಾನೂ ಎರಡು ಸಾಲ ಬರೀತೀನಿ. ಅವರಿಗೆ ಎಲ್ಲಾ ನೆನಪ ಇರ್ತಿರಲಿಲ್ಲ" ಎಂದರು.

ಇದನ್ನು ವಿಸ್ತಾರವಾಗಿ ಬರೆದದ್ದು ಒಂದು ಉದ್ದೇಶದಿಂದ. ಪಟ್ಟಿಯಲ್ಲಿರುವ ಪ್ರತಿಯೊಂದರ ಮುಂದೆಯೂ ಮೂರು ಪ್ರಶ್ನೆ ಕೇಳಬೇಕು: ಇದೇನು? ಇದನ್ನು ದಿನವೂ ಬಳಸುವವರು ಯಾರು? ಬೇಕಾದಾಗ ಕರೆದರೆ ಸಾಲದೆ? ವೈರಸು ತಡೆಯುವ ಪ್ರೋಗ್ರಾಮು, ಲ್ಯಾಪ್‌ಟಾಪಿನ ಸ್ಪರ್ಶಫಲಕದ ಸಹಾಯಕ, ಕನ್ನಡ ಬೆರಳಚ್ಚಿನ ಪ್ರೋಗ್ರಾಮು, ಇವು ಇರಲಿ. ಸಂಗೀತ ಕೇಳಿಸುವವು, ಆಟದವು, ವಿಡಿಯೋ ಸಭೆಯವು ಕರೆದಾಗ ಬಂದರೆ ಸಾಕು. ಕಡತಗಳನ್ನು ದೂರದ ಭಂಡಾರಕ್ಕೆ ನಕಲು ಮಾಡುವ ಒನ್‌ಡ್ರೈವ್‌ನಂಥವನ್ನು ನಿಲ್ಲಿಸುವ ಮೊದಲು ಯೋಚಿಸಿ. ಅದನ್ನು ತೆರೆಯುವವರೆಗೆ ಹೊಸ ಕಡತಗಳ ನಕಲು ಅಲ್ಲಿಗೆ ಹೋಗುವುದಿಲ್ಲ. ಯಾವುದನ್ನು ನಿಲ್ಲಿಸಿದಿರೆಂಬುದನ್ನು ಒಂದು ಕಾಗದದ ಮೇಲೆ ಬರೆದಿಡಿ. ಕಾಕೂ ತಮ್ಮ ಹಾಲಿನ ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ.

ಪ್ರಸಂಗವಶಾತ್ ಇನ್ನೊಂದು ಮಾತು. ಯೂನಿಕೋಡ್ ಕನ್ನಡದಲ್ಲಿ ಬರೆಯುವವರಿಗೆ ವಿಂಡೋಸಿನಲ್ಲೇ ಕನ್ನಡದ ಕೀಲಿಮಣೆ ಇದೆ. ಇಂಗ್ಲಿಷ್ ಉಚ್ಚಾರಣೆಯಂತೆ ಒತ್ತಿ ಕನ್ನಡ ಬರೆಯುವ ಕೀಲಿಮಣೆಯೂ 2019ರ ಮೇ ಪರಿಷ್ಕರಣೆಯಲ್ಲಿ ವಿಂಡೋಸ್ 10ಕ್ಕೆ ಸೇರಿತು. ಅದಕ್ಕೆ ಬೇರೆ ಪ್ರೋಗ್ರಾಮು ಏಳಬೇಕಾದ ಅಗತ್ಯವಿಲ್ಲ.

ಅರ್ಧರ್ಧ ಮಾಡುವ ಉಪಾಯ

ಹದಿನಾರರಲ್ಲಿ ನಿಜವಾದ ಅಪರಾಧಿ ಯಾರು? ಒಂದೊಂದಾಗಿ ಪರೀಕ್ಷಿಸಿದರೆ ಹದಿನಾರು ಸಲ ರೀಸ್ಟಾರ್ಟ್ ಮಾಡಬೇಕಾದೀತು. ಅರ್ಧರ್ಧ ಮಾಡಿದರೆ ನಾಲ್ಕೇ ಸಲ. ಎಲ್ಲವನ್ನೂ ನಿಲ್ಲಿಸಿದಾಗ ಯಂತ್ರ ಚುರುಕಾಗಿದೆಯಷ್ಟೆ? ಈಗ ಎಂಟನ್ನು ಚಾಲೂ ಮಾಡಿ ರೀಸ್ಟಾರ್ಟ್ ಕೊಡಿ. ನಿಧಾನವಾದರೆ ಕಳ್ಳ ಈ ಎಂಟರಲ್ಲಿದ್ದಾನೆ. ಆಗದಿದ್ದರೆ ಉಳಿದ ಎಂಟರಲ್ಲಿ. ಆ ಎಂಟರಲ್ಲಿ ನಾಲ್ಕನ್ನು, ನಾಲ್ಕರಲ್ಲಿ ಎರಡನ್ನು, ಎರಡರಲ್ಲಿ ಒಂದನ್ನು ಹೀಗೆಯೇ ಪರೀಕ್ಷಿಸಿದರೆ ಹೆಸರು ಸಿಕ್ಕುತ್ತದೆ. ಅಪರಾಧಿಗಳು ಇಬ್ಬರಿದ್ದರೆ ಒಬ್ಬನನ್ನು ಹಿಡಿದ ಮೇಲೆ ಇನ್ನೊಮ್ಮೆ ಹುಡುಕಬೇಕಾಗುತ್ತದೆ; ಆದರೂ ದಾರಿ ಇದೇ.

ನಮಗೆ ಸಿಕ್ಕಿದ್ದು ಒಂದು ಪ್ರಿಂಟರಿನ ಸಹಾಯಕ ಪ್ರೋಗ್ರಾಮು. ಆ ಪ್ರಿಂಟರನ್ನು ಕಾಕೂ ನಾಲ್ಕು ವರ್ಷದ ಹಿಂದೆಯೇ ರದ್ದಿಯವನಿಗೆ ಕೊಟ್ಟಿದ್ದರು. ಸಹಾಯಕನಿಗೆ ಆ ಸುದ್ದಿ ತಲುಪಿರಲಿಲ್ಲ. ದಿನವೂ ಎದ್ದು, ಇಲ್ಲದ ಯಜಮಾನನನ್ನು ಮನೆಯೆಲ್ಲ ಹುಡುಕುತ್ತಿದ್ದ. ಇಂಥದನ್ನು ನಿಲ್ಲಿಸಿದರೆ ಸಾಲದು. ಸೆಟ್ಟಿಂಗ್ಸಿನಲ್ಲಿ 'ಆ್ಯಪ್ಸ್' ಎಂಬಲ್ಲಿ ಹೋಗಿ ಪೂರ್ತಿಯಾಗಿ ತೆಗೆದುಹಾಕಬೇಕು.

ಪಟ್ಟಿಯಲ್ಲಿರುವ ಎಲ್ಲವನ್ನೂ ನಿಲ್ಲಿಸಿದರೂ ತೊಂದರೆ ಉಳಿದರೆ, ತೆರೆಯ ಹಿಂದಿನ 'ಸರ್ವಿಸು'ಗಳನ್ನು ನೋಡಬೇಕು. ಸ್ಟಾರ್ಟ್ ಗುಂಡಿಯ ಪಕ್ಕದ ಹುಡುಕುವ ಸ್ಥಳದಲ್ಲಿ 'ಎಂಎಸ್‌ಕಾನ್ಫಿಗ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಬರುವ ಕಿಟಕಿಯಲ್ಲಿ 'ಸರ್ವಿಸಸ್' ವಿಭಾಗವಿದೆ. ಅಲ್ಲಿ ಮೊದಲು 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಎಂಬುದಕ್ಕೆ ಗುರುತು ಹಾಕಬೇಕು. ಇದನ್ನು ಮರೆತು ಎಲ್ಲವನ್ನೂ ನಿಲ್ಲಿಸಿದರೆ ವಿಂಡೋಸಿನ ಕೈಕಾಲುಗಳನ್ನೇ ಕಟ್ಟಿದಂತಾಗುತ್ತದೆ. ಉಳಿದವನ್ನು ಮಾತ್ರ ನಿಲ್ಲಿಸಿ, ಮೇಲಿನಂತೆಯೇ ಅರ್ಧರ್ಧ ಮಾಡಿ ಪರೀಕ್ಷಿಸಬೇಕು. ಮುಗಿದ ಮೇಲೆ ಬೇಕಾದವನ್ನು ಮತ್ತೆ ಚಾಲೂ ಮಾಡಬೇಕು. ಇದನ್ನು 'ಕ್ಲೀನ್ ಬೂಟ್' ಎನ್ನುತ್ತಾರೆ. ಅದೇ ಕಿಟಕಿಯಲ್ಲಿರುವ 'ಬೂಟ್' ವಿಭಾಗಕ್ಕೆ, ಅದು ಗೊತ್ತಿಲ್ಲದವರು ಕೈ ಹಾಕದಿರುವುದು ಕ್ಷೇಮ.

ಹೋದವರ ಹೆಸರಿನ ಕಾಗದ

ಕಾಕೂ ಅವರ ಯಂತ್ರದಲ್ಲಿ ದಿನವೂ ಒಂದು ಚಿಕ್ಕ ಪೆಟ್ಟಿಗೆ ತೆರೆಯ ನಡುವೆ ಎದ್ದು, ಯಾವುದೋ 'ಸ್ಕ್ರಿಪ್ಟ್ ಫೈಲ್' ಸಿಕ್ಕುತ್ತಿಲ್ಲವೆಂದು ಗೋಳಾಡುತ್ತಿತ್ತು. ವೈರಸು ಬಂದಿದೆಯೆಂದು ಅವರಿಗೆ ಭಯ. ಬಂದದ್ದು ನಿಜ, ಬಂದು ಹೋದದ್ದೂ ನಿಜ. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್ ಡ್ರೈವಿನಿಂದ ಇಂಥವು ಒಳಗೆ ಬರುವುದುಂಟು. ವೈರಸು ತಡೆಯುವ ಪ್ರೋಗ್ರಾಮು ಆ ಕಡತವನ್ನು ಅಳಿಸಿಹಾಕಿತ್ತು. ಆದರೆ 'ಬೆಳಿಗ್ಗೆ ಇದನ್ನು ಎಬ್ಬಿಸು' ಎಂಬ ಒಂದು ಸಾಲು ಖಾತೆಪುಸ್ತಕದಲ್ಲಿ ಉಳಿದುಬಿಟ್ಟಿತ್ತು. ವಿಂಡೋಸು ಆಜ್ಞಾಧಾರಕನಂತೆ ದಿನವೂ ಹೋಗಿ ಎಬ್ಬಿಸಲು ನೋಡುತ್ತಿತ್ತು. ಮನೆ ಬಿಟ್ಟುಹೋದವರ ಹೆಸರಿಗೆ ಬಂದ ಕಾಗದವನ್ನು ಅಂಚೆಯವನು ದಿನವೂ ತಂದು ಬಾಗಿಲು ತಟ್ಟಿದಂತೆ.

ಇಂಥ ಸಾಲನ್ನು ಗುರುತಿಸಲು ಒಂದು ಸುಲಭದ ದಾರಿಯಿದೆ. ಆ ಪಟ್ಟಿಯ ತಲೆಸಾಲಿನ ಮೇಲೆ ಬಲಗುಂಡಿ ಒತ್ತಿ 'ಕಮಾಂಡ್ ಲೈನ್' ಎಂಬುದನ್ನು ಆರಿಸಿದರೆ, ಪ್ರತಿಯೊಂದು ಪ್ರೋಗ್ರಾಮೂ ಯಾವ ಸ್ಥಳದಿಂದ ಏಳುತ್ತದೆಂಬ ವಿಳಾಸ ಕಾಣುತ್ತದೆ. ಚಿತ್ರವೂ ಇಲ್ಲದೆ, ತಯಾರಕರ ಹೆಸರೂ ಇಲ್ಲದೆ, ಬರಿಯ 'ಪ್ರೋಗ್ರಾಮ್' ಎಂಬ ಹೆಸರಿನ ಸಾಲು ಕಂಡರೆ ಹಲವರು ಹೆದರುತ್ತಾರೆ. ಅನೇಕ ಸಲ ಅದು, ತೆಗೆದುಹಾಕಿದ ಯಾವುದೋ ಪ್ರೋಗ್ರಾಮು ಬಿಟ್ಟುಹೋದ ಸಾಲು. 'ಪ್ರೋಗ್ರಾಮ್ ಫೈಲ್ಸ್' ಎಂಬ ವಿಳಾಸದ ನಡುವೆ ತೆರಪು ಇರುವುದರಿಂದ, ಉದ್ಧರಣ ಚಿಹ್ನೆಯಿಲ್ಲದೆ ಬರೆದಿದ್ದರೆ, ಮೊದಲ ಪದ ಮಾತ್ರ ಹೆಸರಾಗಿ ಕಾಣಿಸಿಕೊಳ್ಳುತ್ತದೆ. ವಿಳಾಸ ನೋಡಿ ನಿಶ್ಚಯಿಸಿಕೊಂಡು ಅದನ್ನು ನಿಲ್ಲಿಸಬಹುದು. ಆದರೆ ಗುರುತಿಲ್ಲದ ವಿಳಾಸ ಕಂಡಾಗ, ಒಮ್ಮೆ ಪೂರ್ಣ ವೈರಸು ತಪಾಸಣೆ ಮಾಡಿಸುವುದನ್ನು ಮರೆಯಬಾರದು. ನಾವೂ ಮಾಡಿಸಿದೆವು, ಏನೂ ಸಿಕ್ಕಲಿಲ್ಲ.

ಇದಕ್ಕಿಂತ ಆಳವಾಗಿ ನೋಡಬೇಕೆನ್ನುವವರಿಗೆ 'ಆಟೋರನ್ಸ್' ಎಂಬ ಉಚಿತ ಸಾಧನವಿದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು ರೂಪಿಸಿದ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಇದೊಂದು. ಅವರ ಸಂಸ್ಥೆಯನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಕಾಣದ, ಕಾಲಪತ್ರಕದಲ್ಲಿಯೂ ಸರ್ವಿಸುಗಳಲ್ಲಿಯೂ ಅಡಗಿರುವವುಗಳನ್ನೆಲ್ಲ ಅದು ಹೊರತರುತ್ತದೆ. ಅದನ್ನು ಮೈಕ್ರೋಸಾಫ್ಟಿನ ತಾಣದಿಂದಲೇ ತರಬೇಕು. ಅದರಲ್ಲಿ ಯಾವುದನ್ನೂ ಅಳಿಸದೆ, ಮುಂದಿನ ಗುರುತನ್ನು ಮಾತ್ರ ತೆಗೆದು ನೋಡಬೇಕು.

ನಿಲ್ಲಿಸಿದರೂ ನಿಲ್ಲದವರು

ಇಷ್ಟಾದರೂ ಒಂದು ಕಿಟಕಿ ಮಾತ್ರ ಹಟದಿಂದ ಬಂದೇ ಬರುತ್ತಿತ್ತು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಕೆಲವು ಪ್ರೋಗ್ರಾಮುಗಳು ತಮ್ಮ ಸ್ವಂತ ಸೆಟ್ಟಿಂಗ್ಸಿನಲ್ಲಿ 'ಕಂಪ್ಯೂಟರು ಆರಂಭವಾದಾಗ ತೆರೆ' ಎಂಬ ಗುರುತನ್ನು ಇಟ್ಟುಕೊಂಡು, ನಾವು ತೆಗೆದ ಹೆಸರನ್ನು ಮತ್ತೆ ಬರೆಸಿಕೊಳ್ಳುತ್ತವೆ. ಅಲ್ಲಿಯೇ ಆ ಗುರುತನ್ನು ತೆಗೆಯಬೇಕು. ಇನ್ನೊಂದು, ನಿನ್ನೆ ಮುಚ್ಚುವಾಗ ತೆರೆದಿದ್ದ ಕೆಲವು ಕಿಟಕಿಗಳನ್ನು ವಿಂಡೋಸು ತಾನಾಗಿ ಮತ್ತೆ ತೆರೆದುಕೊಡುವ ಏರ್ಪಾಟು. ಅದು ಸೆಟ್ಟಿಂಗ್ಸಿನ 'ಅಕೌಂಟ್ಸ್', 'ಸೈನ್-ಇನ್ ಆಪ್ಷನ್ಸ್' ಎಂಬಲ್ಲಿ ಇದೆ. ಬೇಡವಾದರೆ ನಿಲ್ಲಿಸಬಹುದು. ಕಾಕೂ ಅವರದು ಈ ಎರಡನೆಯ ಬಗೆ.

ಯಂತ್ರವು ಗುಪ್ತಪದ ಕೊಟ್ಟಮೇಲೆ ಪೂರ್ತಿ ಸ್ತಬ್ಧವಾಗಿ, ಪಟ್ಟಿಯನ್ನು ತೆರೆಯುವುದಕ್ಕೂ ಆಗದಿದ್ದರೆ 'ಸೇಫ್ ಮೋಡ್' ಇದೆ. ಗುಪ್ತಪದ ಕೇಳುವ ತೆರೆಯಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು 'ರೀಸ್ಟಾರ್ಟ್' ಎನ್ನಿ. ಬಳಿಕ 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಷನ್ಸ್', 'ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್', 'ರೀಸ್ಟಾರ್ಟ್' ಎಂದು ಕ್ರಮವಾಗಿ ಹೋಗಿ, 4 ಎಂಬ ಅಂಕಿಯನ್ನು ಒತ್ತಿದರೆ ಅತ್ಯವಶ್ಯವಾದವುಗಳಷ್ಟೇ ಎದ್ದ ಯಂತ್ರ ದೊರೆಯುತ್ತದೆ. ಅಲ್ಲಿ ಚೆನ್ನಾಗಿ ನಡೆದರೆ ವಿಂಡೋಸಿನ ಬುನಾದಿ ಗಟ್ಟಿಯಿದೆ, ದೋಷ ಮೇಲಿಂದ ಸೇರಿದವುಗಳಲ್ಲಿದೆ ಎಂದು ತಿಳಿಯಬಹುದು.

ಒಂದು ಎಚ್ಚರಿಕೆಯ ಮಾತು

ಆರಂಭದಲ್ಲಿಯೋ ನಡುವೆಯೋ ಕೆಂಪು ಬಣ್ಣದ ಕಿಟಕಿ ಎದ್ದು, ನಿಮ್ಮ ಯಂತ್ರ ಕೆಟ್ಟಿದೆ, ಈ ನಂಬರಿಗೆ ಕೂಡಲೇ ಫೋನು ಮಾಡಿ ಎಂದರೆ, ಮಾಡಬೇಡಿ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯ ಸಂದೇಶಗಳಲ್ಲಿ ಫೋನ್ ನಂಬರು ಇರುವುದಿಲ್ಲ. ತಾವಾಗಿ ಫೋನು ಮಾಡಿ ನಿಮ್ಮ ಯಂತ್ರ ರಿಪೇರಿ ಮಾಡುತ್ತೇವೆನ್ನುವವರನ್ನೂ ನಂಬಬೇಡಿ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಮಕ್ಕಳು ಇದನ್ನು ಮುದ್ದಾಂ ಹೇಳಿಡಬೇಕು. ಮೋಸಹೋಗಿ ಹಣ ಹೋದದ್ದಾದರೆ ಸಂಕೋಚಪಟ್ಟು ಕುಳಿತುಕೊಳ್ಳದೆ, ತಡಮಾಡದೆ, 1930ಕ್ಕೆ ಫೋನು ಮಾಡಬೇಕು; ಅದು ಸೈಬರ್ ವಂಚನೆಗೆ ಸಂಬಂಧಿಸಿದ ಸರಕಾರದ ಸಹಾಯವಾಣಿ.

ಪಟ್ಟಿಯನ್ನು ಎಷ್ಟು ತಿದ್ದಿದರೂ ಹಳೆಯ ಯಂತ್ರ ಹೊಸದಾಗುವುದಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಆರಂಭದಲ್ಲಿ ಕಾಣುವ ವ್ಯತ್ಯಾಸ ದೊಡ್ಡದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಾಕೂ ಅವರದೂ ಅದೇ. ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದೆಂದು ಮಗ ಕಟ್ಟಪ್ಪಣೆ ಮಾಡಿದ್ದಾನೆ. ಓದು ಬರಹಕ್ಕೆ ಅದು ಇದ್ದೇ ಇದೆ.

ರಿಪೇರಿಯ ಹುಡುಗ ಹೇಳಿದ ದಿನಕ್ಕೆ ಬಂದ. ಕಾಕೂ ಅವನಿಗೂ ಚಹಾ ಅವಲಕ್ಕಿ ಕೊಟ್ಟು, "ಅಳಿಸೂದು ಬ್ಯಾಡಪಾ, ಬರೇ ಧೂಳಾ ಹೊಡದು ಹೋಗು" ಎಂದರಂತೆ. ಅವನು ಒಳಗಿನ ಫ್ಯಾನಿನ ಧೂಳು ತೆಗೆದುಕೊಟ್ಟು, ಹಣ ಬೇಡವೆಂದು ಹೋದನಂತೆ.

ಈಗ ಕಡತ ತೆರೆಯುವುದಕ್ಕೆ ಎರಡು ನಿಮಿಷವಾದರೆ ಹೆಚ್ಚು. ಮೊನ್ನೆ ಹೋದಾಗ ನನಗೂ ಒಂದು ಪುಟ ಓದಲು ಕೊಟ್ಟರು. ಮುಂಬಯಿಯ ಮೊದಲ ಮಳೆಗಾಲದಲ್ಲಿ ತಾವು ಧೈರ್ಯವಾಗಿ ಇದ್ದೆವೆಂದು ಯಜಮಾನರು ಬರೆದಿದ್ದಾರೆ. ಅದರ ಕೆಳಗೆ ಕಾಕೂ ಅವರ ಸಾಲು: 'ಧೈರ್ಯ ಇದ್ದದ್ದು ಖರೆ, ಆದರೆ ಆ ರಾತ್ರಿ ಊರಿಗೆ ಹೋಗೋಣ ಅಂತ ಮೊದಲು ಅಂದವರು ಇವರೇ.'

ಇಬ್ಬರ ಬರಹವನ್ನೂ ನಮ್ಮ ಪತ್ರಿಕೆಗೆ ಕೊಡಬೇಕೆಂದು ಸಂಪಾದಕರ ಪರವಾಗಿ ಕೇಳಿಕೊಂಡಿದ್ದೇನೆ. ಅವರು ಇನ್ನೂ ಹೂಂ ಎಂದಿಲ್ಲ. ಇನ್ನೂ ಅರವತ್ತು ಪುಟಕ್ಕೆ ತಮ್ಮ ಸಾಲು ಬರೆಯುವುದಿದೆಯಂತೆ. ಅದು ಮುಗಿಯಲಿ ಎಂದಿದ್ದಾರೆ. ಈಗ ಬೆಳಗಿನ ಹೊತ್ತು ಕೈಗೆ ಸಿಕ್ಕುವುದರಿಂದ ಬೇಗ ಮುಗಿದೀತು. ಓದುಗರು ಅಷ್ಟರಲ್ಲಿ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಒಬ್ಬರ ಹೊರತು ಮತ್ತೊಬ್ಬರ ಬಳಿ ಇಲ್ಲದಂಥ ಬರಹ ಯಾವುದಿದೆಯೆಂದು ನೋಡಿ, ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಲಿ. ಪಟ್ಟಿಯ ವಿಚಾರ ಆಮೇಲೆ ನೋಡಿದರೂ ನಡೆದೀತು.